ದೊಡ್ಡಮ್ಮನ ಉದ್ದ

ದೊಡ್ಡಮ್ಮನ ಉದ್ದ ಎಷ್ಟು ಎಂಬ ಪ್ರಶ್ನೆಗೆ ರಾಂಜಣಗಾಂವದ ನಮ್ಮ ಕನ್ನಡ ಬಳಗದಲ್ಲಿ ಇವತ್ತಿಗೂ ಒಮ್ಮತವಿಲ್ಲ. ಗಾಬರಿಯಾಗಬೇಡಿ, ಇದು ಮನೆತನದ ವಿಷಯವಲ್ಲ. 2022ರ ಏಪ್ರಿಲ್‌ನಲ್ಲಿ ಬಂದ ‘ಕೆಜಿಎಫ್ ಚಾಪ್ಟರ್ 2’ರಲ್ಲಿ ರಾಕಿ ಭಾಯ್ ಪೊಲೀಸ್ ಠಾಣೆಯ ಮುಂದಿನ ಜೀಪುಗಳನ್ನು ಜರಡಿ ಮಾಡುತ್ತಾನಲ್ಲ, ಆ ಮಷೀನ್ ಗನ್ನಿನ ಹೆಸರು ದೊಡ್ಡಮ್ಮ. ಅಂಥದ್ದೇ ಒಂದನ್ನು ಮಾಡಿ ಗಣಪತಿ ಮೆರವಣಿಗೆಯಲ್ಲಿ ಹೊರಬೇಕೆಂದು ನಾವು ಹೊರಟೆವು. ಗನ್ನು ತಯಾರಾಯಿತು. ಅದರ ಉದ್ದ ಮಾತ್ರ ತೀರ್ಮಾನವಾಗಲಿಲ್ಲ.

ರಾಂಜಣಗಾಂವ ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದನಗರ) ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು. ಪಕ್ಕದಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶ, ಫ್ರಿಜ್ಜು, ವಾಷಿಂಗ್ ಮಷೀನು, ಕಾರು ಎಲ್ಲವೂ ಇಲ್ಲಿ ತಯಾರಾಗುತ್ತವೆ. ಅವನ್ನು ತಯಾರಿಸುವ ಕೈಗಳು ಕಾರೇಗಾಂವದ ಬಾಡಿಗೆ ಖೋಲಿಗಳಲ್ಲಿ ಮಲಗುತ್ತವೆ. ಆ ಖೋಲಿಗಳಲ್ಲಿ ಇಂಡಿ, ಸಿಂದಗಿ, ಅಫಜಲಪುರ, ಜತ್ತ, ಅಕ್ಕಲಕೋಟೆಗಳೆಲ್ಲ ಒಂದೇ ನಲ್ಲಿಗೆ ಸರದಿ ನಿಲ್ಲುತ್ತವೆ. ಇಲ್ಲಿ ಮನುಷ್ಯರಿಗೆ ಹೆಸರಿನ ಖರ್ಚಿಲ್ಲ, ಊರೇ ಹೆಸರು. ನಮ್ಮ ತಂಡದಲ್ಲಿ ವೆಲ್ಡಿಂಗ್ ಮಾಡುವ ಜತ್ತದ ಕಾಕಾ, ಕ್ವಾಲಿಟಿ ವಿಭಾಗದ ಹಾವೇರಿ ಸರ್, ಬಣ್ಣ ಹೊಡೆಯುವ ಸಿಂದಗಿ ಇದ್ದರು. ಖರ್ಚು ಬರೆದಿಡುವುದು, ಚಹಾ ತರಿಸುವುದು ನನ್ನ ಪಾಲಿಗೆ ಬಂತು. ಜಗಳ ಪೂರ್ತಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೊದಲ ತಕರಾರು ಅಳತೆಯದು. ದೊಡ್ಡಮ್ಮನ ಮೂಲ ಅಮೆರಿಕದ ಎಂ1919 ಬ್ರೌನಿಂಗ್, ಅದರ ಉದ್ದ 964 ಮಿಲಿಮೀಟರ್, ಬೇಕಾದರೆ ಪುಸ್ತಕ ನೋಡಿ ಎಂದ ಸಿಂದಗಿ. ಹಾವೇರಿ ಸರ್ ಒಪ್ಪಲಿಲ್ಲ. “ನಾವು ಪುಸ್ತಕದ ಗನ್ನು ಮಾಡಾಕತ್ತಿಲ್ಲ, ಸಿನಿಮಾದ್ದು ಮಾಡಾಕತ್ತೇವಿ” ಎಂದು ಲ್ಯಾಪ್‌ಟಾಪಿನಲ್ಲಿ ದೃಶ್ಯ ನಿಲ್ಲಿಸಿ, ಪರದೆಗೆ ವರ್ನಿಯರ್ ಕ್ಯಾಲಿಪರ್ ಹಚ್ಚಿದರು. ಪರದೆಯ ಮೇಲೆ ರಾಕಿಯ ಪಾತ್ರ ಮಾಡಿದ ಯಶ್ ಅವರ ಹೆಬ್ಬೆರಳು ಇಷ್ಟು, ಗನ್ನು ಇಷ್ಟು. ಆದ್ದರಿಂದ ಯಶ್ ಅವರ ನಿಜವಾದ ಹೆಬ್ಬೆರಳು ಎಷ್ಟುದ್ದ ಎಂದು ಗೊತ್ತಾದರೆ ಗನ್ನಿನ ಉದ್ದ ತಾನಾಗಿಯೇ ಸಿಗುತ್ತದೆ. ಲೆಕ್ಕ ಸರಿಯಾಗಿತ್ತು. ಹೆಬ್ಬೆರಳು ಸಿಗುವುದು ಕಷ್ಟವಾಗಿತ್ತು. ಕಡೆಗೆ ಖೋಲಿಯಲ್ಲಿದ್ದ ಎಲ್ಲರ ಹೆಬ್ಬೆರಳು ಅಳೆದು ಸರಾಸರಿ ತೆಗೆದರು. ಅಫಜಲಪುರದವನ ಬೆರಳು ಪ್ರೆಸ್ ಮಷೀನಿನಲ್ಲಿ ಜಜ್ಜಿ ಅಗಲವಾಗಿದೆ, ಅದನ್ನು ಬಿಡಿ ಎಂದು ಸಿಂದಗಿ ಆಕ್ಷೇಪ ಎತ್ತಿದ. ಅಫಜಲಪುರದವನು ಆವತ್ತಿನಿಂದ ವರ್ಗಣಿ ಕೊಡಲಿಲ್ಲ.

ಇಂಥ ಪ್ರತಿಕೃತಿಗಳನ್ನು ಮಾಡುವ ಹವ್ಯಾಸಿಗಳಲ್ಲಿ ಜಗತ್ತಿನಾದ್ಯಂತ ಈ ಎರಡು ಪಂಥಗಳಿವೆ. ವಸ್ತು ಹೇಗಿರಬೇಕಿತ್ತೋ ಹಾಗೆ ಮಾಡಬೇಕೆನ್ನುವವರು ಒಂದು ಕಡೆ. ಪರದೆಯ ಮೇಲೆ ಹೇಗಿದೆಯೋ ಹಾಗೆ, ಗೀರು, ತರಚು, ಸೊಟ್ಟ ಸ್ಕ್ರೂ ಸಮೇತ ಮಾಡಬೇಕೆನ್ನುವವರು ಇನ್ನೊಂದು ಕಡೆ. ಶೈವರು ವೈಷ್ಣವರು ಒಂದೇ ಪಂಕ್ತಿಯಲ್ಲಿ ಕೂತಾರು, ಇವರು ಕೂರುವುದಿಲ್ಲ. ನಮ್ಮಲ್ಲಿ ಮೂರನೆಯ ಪಂಥವನ್ನು ಜತ್ತದ ಕಾಕಾ ಸ್ಥಾಪಿಸಿದರು. ಗುಜರಿಯಿಂದ ತಂದ ಪಿವಿಸಿ ಪೈಪನ್ನು ನೆಲಕ್ಕೆ ಕುಟ್ಟಿ, “ಪೈಪ್ ಎಷ್ಟದನೋ ಅಷ್ಟೇ ದೊಡ್ಡಮ್ಮ” ಎಂದರು.

ನಮ್ಮೂರ ದೇವರ ವಿಷಯವೂ ಸ್ವಲ್ಪ ಹೀಗೆಯೇ. ಮಹಾಗಣಪತಿಯ ಮೂಲ ಮೂರ್ತಿ ನೆಲಮಾಳಿಗೆಯಲ್ಲಿದೆ, ಅದಕ್ಕೆ 10 ಸೊಂಡಿಲು, 20 ಕೈ, ಹೆಸರು ಮಹೋತ್ಕಟ ಎಂದು ಜನರ ನಂಬಿಕೆ. ಅದನ್ನು ಕಂಡವರಿಲ್ಲ. ದರ್ಶನಕ್ಕಿರುವುದು ಮೇಲಿನ ಮೂರ್ತಿ. ಜಗಳ ಜೋರಾದಾಗಲೆಲ್ಲ ಕಾಕಾ ಗುಡಿಯ ದಿಕ್ಕಿಗೆ ಕೈ ತೋರಿಸಿ, “ಅಲ್ಲಿ ಇಷ್ಟು ಮಂದಿ ಕೈ ಮುಗೀತಾರ, ಒಬ್ಬರರೆ ವರ್ನಿಯರ್ ತಂದಾರೇನು?” ಎನ್ನುತ್ತಿದ್ದರು. ಹಾವೇರಿ ಸರ್ ಉತ್ತರ ಕೊಡದೆ ವರ್ನಿಯರನ್ನು ಒರೆಸಿ ಡಬ್ಬಿಯಲ್ಲಿಡುತ್ತಿದ್ದರು.

ಅಳತೆಯ ಜಗಳ ಒಣಗುವ ಮೊದಲೇ ಬಣ್ಣದ ಜಗಳ ಹುಟ್ಟಿತು. ಸಿನಿಮಾ ನೋಡಿದವರಿಗೆ ನೆನಪಿರಬಹುದು: ಗುಂಡೆಲ್ಲ ಹಾರಿಸಿದ ಮೇಲೆ ನಳಿಗೆ ಕಾದು ಕೆಂಡವಾಗುತ್ತದೆ, ರಾಕಿ ಅದಕ್ಕೆ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಹಾಗಾದರೆ ನಮ್ಮ ದೊಡ್ಡಮ್ಮನ ತುದಿ ಕೆಂಪಗಿರಬೇಕೋ ಕಪ್ಪಗಿರಬೇಕೋ? ನಾವು ಮಾಡುತ್ತಿರುವುದು ಗುಂಡು ಹಾರಿಸುವ ಮೊದಲಿನ ದೊಡ್ಡಮ್ಮನೋ, ಹಾರಿಸಿದ ಮೇಲಿನ ದೊಡ್ಡಮ್ಮನೋ? ಸಿಂದಗಿ ಕೆಂಪು ಬಣ್ಣದ ಡಬ್ಬಿ ತೆರೆದ. ಹಾವೇರಿ ಸರ್ ಮುಚ್ಚಿದರು. ಹಾರಿಸಿದ ಮೇಲಿನದಾದರೆ ಪಕ್ಕದಲ್ಲಿ ತೂಗುವ ಬೆಲ್ಟಿನಲ್ಲಿ ಗುಂಡುಗಳೇ ಇರಬಾರದು. ಗುಂಡಿದ್ದರೆ ನಳಿಗೆ ತಣ್ಣಗಿರಬೇಕು. ಎರಡೂ ಬೇಕೆನ್ನುವುದು ಅಪ್ರಾಮಾಣಿಕತೆ ಎಂದು ಅವರ ವಾದ. ಇಂಡಿಯ ಎಲೆಕ್ಟ್ರಿಷಿಯನ್ ಹುಡುಗ ರಾಜಿ ಸೂತ್ರ ತಂದ. ತುದಿಗೆ ಪಾರದರ್ಶಕ ಅಕ್ರಿಲಿಕ್ ಕೊಳವೆ, ಒಳಗೆ ಕೆಂಪು ಎಲ್ಇಡಿ, ಹಿಡಿಯ ಹತ್ತಿರ ಸ್ವಿಚ್ಚು. ಸ್ವಿಚ್ಚು ಹಾಕಿದರೆ ಹಾರಿಸಿದ ಮೇಲಿನದು, ತೆಗೆದರೆ ಮೊದಲಿನದು. ಇಡೀ ಕಾಮಗಾರಿಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದದ್ದು ಅದೊಂದೇ ಸಲ. ಮರುಕ್ಷಣವೇ ಸ್ವಿಚ್ಚು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಎದ್ದಿತು.

ಮೂಲ ವಸ್ತುವನ್ನು ಮಾಡಿದವರು ಇಷ್ಟು ತಲೆ ಕೆಡಿಸಿಕೊಂಡಿರುತ್ತಾರೆಯೇ? ಇಲ್ಲ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ನಾಯಕ ಬೀಸುವ ಬೆಳಕಿನ ಕತ್ತಿ ಇದೆಯಲ್ಲ, ಅದರ ಹಿಡಿ ನಿಜಕ್ಕೂ ಗ್ರಾಫ್ಲೆಕ್ಸ್ ಎಂಬ ಹಳೆಯ ಕ್ಯಾಮೆರಾದ ಫ್ಲ್ಯಾಷ್ ಹಿಡಿ. ಸೆಟ್ ಅಲಂಕಾರದ ರೋಜರ್ ಕ್ರಿಶ್ಚಿಯನ್ ಅದನ್ನು ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಕಂಡು, ಹಿಡಿತಕ್ಕೆ ಒಂದಿಷ್ಟು ಪಟ್ಟಿ ಅಂಟಿಸಿ, ಕ್ಯಾಲ್ಕುಲೇಟರಿನ ತುಣುಕೊಂದನ್ನು ಸಿಕ್ಕಿಸಿ ಮುಗಿಸಿದರು. ಅದೇ ಸಿನಿಮಾದ ಮುದಿ ಗುರುವಿನ ಕತ್ತಿಯಲ್ಲಿ ಜೆಟ್ ಎಂಜಿನ್ನಿನ ಕೊಳವೆ, ಹಳೆಯ ಗ್ರೆನೇಡಿನ ಭಾಗ, ಬಚ್ಚಲುಮನೆಯ ನಲ್ಲಿಯ ತಿರುಗಣಿ ಎಲ್ಲವೂ ಇವೆ. ಹವ್ಯಾಸಿಗಳು ಈ ಮೂಲಗಳನ್ನು ಕಂಡುಹಿಡಿದ ಮೇಲೆ ಹಳೆಯ ಗ್ರಾಫ್ಲೆಕ್ಸ್ ಫ್ಲ್ಯಾಷುಗಳ ಬೆಲೆ ಏರಿತು; ಕತ್ತಿಯಾಗಲೆಂದೇ ಜನ ಅವನ್ನು ಕೊಂಡರು; ಫೋಟೋ ತೆಗೆಯಲು ಅವನ್ನು ಬಯಸುವವರು ಇವರ ಮೇಲೆ ಹಲ್ಲು ಕಡಿಯತೊಡಗಿದರು. ಇದನ್ನು ನಾನು ಖೋಲಿಯಲ್ಲಿ ಓದಿ ಹೇಳಿದಾಗ ಕಾಕಾ ಬೀಡಿ ಆರಿಸಿ ಹೇಳಿದರು: “ಅವರು ಗುಜರಿ ನೋಡಿ ಕತ್ತಿ ಮಾಡ್ಯಾರ. ಇವರು ಕತ್ತಿ ನೋಡಿ ಗುಜರಿ ಹುಡಕ್ಲಾಕತ್ತಾರ.” ಈ ಹವ್ಯಾಸದ ಬಗ್ಗೆ ಇದಕ್ಕಿಂತ ಚೊಕ್ಕ ಮಾತನ್ನು ನಾನು ಕೇಳಿಲ್ಲ.

ಇನ್ನು ಗುಂಡಿನ ಪ್ರಕರಣ. ಬೆಲ್ಟಿನ ಮೊದಲ ಗುಂಡನ್ನು ಕಾಕಾ ಹಿತ್ತಾಳೆ ತುಂಡಿನಿಂದ ಲೇಥಿನಲ್ಲಿ ತಿರುವಿ ಕೊಟ್ಟರು. ಅದಕ್ಕೆ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ರೆಸಿನ್ನಿಗೆ ಹಾರ್ಡನರ್ ಕಲಸಿ ಒಂದೊಂದಾಗಿ ಎರೆಯುವುದು ಸಿಂದಗಿಯ ಕೆಲಸ. ಹಾರ್ಡನರ್ ಹೆಚ್ಚಾದರೆ ಬಿಸಿಯಾಗಿ ಬಿರಿಯುತ್ತದೆ, ಕಡಿಮೆಯಾದರೆ ಮರುದಿನವೂ ಅಂಟಂಟು. ಅಚ್ಚು ಎರೆಯುವಾಗ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿತ್ತು. ಹಾಗಾಗಿ ಪ್ರತಿ ಗುಂಡಿನ ಬುಡದಲ್ಲೂ ರಾಗಿಕಾಳಿನಷ್ಟು ಉಬ್ಬು. ಹಾವೇರಿ ಸರ್ ಇಡೀ ರಾಶಿಗೆ ‘ರಿಜೆಕ್ಟ್’ ಚೀಟಿ ಹಚ್ಚಿದರು. ಕಾಕಾ ಚೀಟಿ ಕಿತ್ತು, ಉಬ್ಬು ಒಳಮುಖವಾಗುವಂತೆ ಬೆಲ್ಟಿಗೆ ಪೋಣಿಸಿದರು.

ಹಬ್ಬಕ್ಕೆ ಸ್ವಲ್ಪ ಮೊದಲು ಹೈವೇ ಆಚೆಯ ಮಂಡಳಿಯವರೂ ಒಂದು ಗನ್ನು ಮಾಡಿದ್ದಾರೆಂದು ಸುದ್ದಿ ಬಂತು. ನೋಡಲು ಹೋದೆವು. ಹಾವೇರಿ ಸರ್ ಬೆಲ್ಟಿನ ಒಂದು ಗುಂಡನ್ನು ತಿರುಗಿಸಿದರು. ಬುಡದಲ್ಲಿ ರಾಗಿಕಾಳು! ಜೇಬಿನಿಂದ ವರ್ನಿಯರ್ ಹೊರಬಂತು. ಉದ್ದ ನಮ್ಮದಕ್ಕಿಂತ ಒಂದು ಕೂದಲೆಳೆ ಕಡಿಮೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ರೆಸಿನ್ ಒಣಗುವಾಗ ಕುಗ್ಗುತ್ತದೆ. ನಕಲಿನಿಂದ ಅಚ್ಚು ತೆಗೆದು ಎರೆದ ನಕಲು ಇನ್ನಷ್ಟು ಕುಗ್ಗುತ್ತದೆ. ಹೊರದೇಶದ ಹವ್ಯಾಸಿಗಳೂ ಕಳ್ಳ ಅಚ್ಚನ್ನು ಹಿಡಿಯುವುದು ಹೀಗೆಯೇ, ಅಳತೆಯಿಂದ ಮತ್ತು ಮೂಲದಲ್ಲಿದ್ದ ದೋಷದಿಂದ. ತಾವೇ ತಿರಸ್ಕರಿಸಿದ್ದ ಆ ಉಬ್ಬನ್ನು ಹಾವೇರಿ ಸರ್ ಆವತ್ತು ಎಷ್ಟು ಅಕ್ಕರೆಯಿಂದ ಸವರಿದರೆಂದರೆ ಕಾಕಾನೇ ಮುಖ ತಿರುಗಿಸಬೇಕಾಯಿತು. “ನಮ್ಮ ಗುಂಡು ಕದ್ದೀರಿ” ಎಂದು ಸಿಂದಗಿ ಕೂಗಿದ. ಆ ಮಂಡಳಿಯ ಹುಡುಗ ಶಾಂತವಾಗಿ ಕೇಳಿದ: “ತುಮ್ಹಿ ಕುಣಾಚಿ ಚೋರಲಿ?” ನೀವು ಯಾರದ್ದು ಕದ್ದಿರಿ ಎಂದು. ದೊಡ್ಡಮ್ಮನನ್ನು ಹೆತ್ತ ಸಿನಿಮಾದವರ ಅನುಮತಿಯನ್ನು ನಾವ್ಯಾರೂ ಕೇಳಿರಲಿಲ್ಲ ಎಂಬುದು ಆಗಲೇ ನಮಗೆ ಹೊಳೆದದ್ದು.

ಇದೇ ಪ್ರಶ್ನೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ‘ಸ್ಟಾರ್ ವಾರ್ಸ್’ನ ಬಿಳಿ ಸೈನಿಕರ ಹೆಲ್ಮೆಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ತೆಗೆದುಕೊಟ್ಟ ಆಂಡ್ರ್ಯೂ ಏನ್ಸ್‌ವರ್ತ್ ಎಷ್ಟೋ ವರ್ಷದ ಮೇಲೆ ಅದೇ ಹೆಲ್ಮೆಟ್ಟು ಮಾಡಿ ಮಾರತೊಡಗಿದರು. ಲ್ಯೂಕಾಸ್‌ಫಿಲ್ಮ್ ದಾವೆ ಹೂಡಿತು. ಮೊದಲ ಮಾದರಿಯನ್ನು ಮಣ್ಣಿನಲ್ಲಿ ತಿದ್ದಿದವರು ಯಾರು ಎನ್ನುವುದೂ ಅಲ್ಲಿ ಚರ್ಚೆಗೆ ಬಂತು. 2011ರಲ್ಲಿ ನ್ಯಾಯಮೂರ್ತಿಗಳು, ಹೆಲ್ಮೆಟ್ಟು ಸಿನಿಮಾ ತಯಾರಿಕೆಗೆ ಬೇಕಾದ ಒಂದು ಸಾಮಾನು, ಶಿಲ್ಪವಲ್ಲ, ಶಿಲ್ಪಕ್ಕಿರುವ ಹಕ್ಕು ಅದಕ್ಕಿಲ್ಲ ಎಂದರು. ಬ್ರಿಟನ್ನಿನಲ್ಲಿ ಏನ್ಸ್‌ವರ್ತ್ ಗೆದ್ದರು. ಆದರೆ ಅಮೆರಿಕದ ಹಕ್ಕನ್ನು ಮುರಿದದ್ದರ ಬಗ್ಗೆ ಬ್ರಿಟನ್ನಿನಲ್ಲಿಯೇ ದಾವೆ ಹೂಡಬಹುದು ಎಂದೂ ಅದೇ ತೀರ್ಪು ಹೇಳಿತು. ಎರಡೂ ಕಡೆಯವರು ಗೆದ್ದೆವೆಂದು ಹೇಳಿಕೊಳ್ಳಬಹುದಾದ ತೀರ್ಪು. ಸಿಂದಗಿಗೆ ಮಾತ್ರ ಬೇಜಾರಾಯಿತು. “ಹಂಗಾದ್ರ ಇಷ್ಟು ದಿನ ನಾ ಮಾಡಿದ್ದು ಬರೇ ಸಾಮಾನೇನ್ರಿ?”

ಆಚೆ ಮಂಡಳಿಯ ಹತ್ತಿರ ಜನರೇಟರ್ ಇತ್ತು, ನಮ್ಮ ಹತ್ತಿರ ಕೆಂಪಾಗುವ ನಳಿಗೆ ಇತ್ತು. ಆದ್ದರಿಂದ ರಾಜಿಯಾಯಿತು. ಮೆರವಣಿಗೆಗೆ ಮೊದಲು ಬಂದ ಹವಾಲ್ದಾರರು ಎರಡೂ ಗನ್ನುಗಳನ್ನು ಎತ್ತಿ ನೋಡಿ, ಎರಡರ ಮೇಲೂ ದೊಡ್ಡದಾಗಿ ‘ನಕಲಿ’ ಎಂದು ಬರೆಯಿರಿ, ಇಲ್ಲದಿದ್ದರೆ ಬಿಡುವುದಿಲ್ಲ ಎಂದರು. ನಮ್ಮ ಕೆಲಸಕ್ಕೆ ಸಿಕ್ಕ ಏಕೈಕ ಪ್ರಶಸ್ತಿ ಅದು. ಆದರೆ ಪರದೆಯ ಮೇಲಿನ ದೊಡ್ಡಮ್ಮನ ಮೈಮೇಲೆ ಅಂಥ ಬರಹವಿಲ್ಲವಾದ್ದರಿಂದ ಹಾವೇರಿ ಸರ್ ಮೆರವಣಿಗೆಯಲ್ಲಿ ಗನ್ನಿನ ಹತ್ತಿರ ಸುಳಿಯಲಿಲ್ಲ. ಹಿಂದೆ ತಾಶೆಯವರ ಜೊತೆ ನಡೆದರು.

ಹವಾಲ್ದಾರರು ಮುಂದಾಲೋಚನೆಯವರು ಎಂದು ಆಮೇಲೆ ಗೊತ್ತಾಯಿತು. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ರಿಯಾಲಿಟಿ ಶೋ ಖ್ಯಾತಿಯ ಇಬ್ಬರು ಲಾಂಗು ಹಿಡಿದು ರೀಲ್ಸ್ ಮಾಡಿ ಠಾಣೆಯ ಮೆಟ್ಟಿಲು ಹತ್ತಿದರು. ಅದು ಫೈಬರಿನ ಲಾಂಗು ಎಂದು ಹೇಳಿ ಒಂದನ್ನು ಒಪ್ಪಿಸಿದ್ದೂ ಆಯಿತು. ಪೊಲೀಸರು ರೀಲ್ಸನ್ನೂ ಲಾಂಗನ್ನೂ ಅಕ್ಕಪಕ್ಕ ಇಟ್ಟು, ರೀಲ್ಸಿನಲ್ಲಿರುವುದು ಇದಲ್ಲ ಎಂದುಬಿಟ್ಟರು. ಪತ್ರಿಕೆ ಹಿಡಿದು ಓಡಿಬಂದ ಹಾವೇರಿ ಸರ್ ಮುಖದಲ್ಲಿ ಅಂಥ ಸಂತೋಷವನ್ನು ನಾನು ಬೋನಸ್ಸಿನ ದಿನವೂ ಕಂಡಿಲ್ಲ. ದೃಶ್ಯ ನಿಲ್ಲಿಸಿ ಅಳೆಯುವವರು ಸರ್ಕಾರದಲ್ಲೂ ಇದ್ದಾರೆ ಎಂಬುದು ಅವರಿಗೆ ದೊಡ್ಡ ಬಲವಾಯಿತು.

ಈ ಸಲ ಗನ್ನು ಬೇಡ, ಕನ್ನಡದ ಅಭಿಮಾನಕ್ಕೆ ತಕ್ಕ ವಸ್ತು ಬೇಕೆಂದು ತೀರ್ಮಾನವಾಗಿ, 1975ರ ‘ಮಯೂರ’ದಲ್ಲಿ ರಾಜಕುಮಾರ್ ಹಿಡಿದ ಕತ್ತಿಯನ್ನು ಆರಿಸಿದ್ದೇವೆ. ಹಿಡಿಯ ಬಣ್ಣದ ಬಗ್ಗೆ ಈಗಾಗಲೇ ಎರಡು ಪಕ್ಷಗಳಾಗಿವೆ. ಆ ಕತ್ತಿಯನ್ನು ಕಣ್ಣಾರೆ ಕಂಡವರು, ಅಥವಾ ಆ ಸೆಟ್ಟಿನಲ್ಲಿ ಕೆಲಸ ಮಾಡಿದ ಹಿರಿಯರ ಪರಿಚಯವಿರುವವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮಾಹಿತಿ ಕೊಡಿ. ಆದರೆ ಗಣಪತಿ ಹಬ್ಬ ಮುಗಿದ ಮೇಲೆ ಕೊಡಿ. ಕಾಕಾ ಆಗಲೇ ತಗಡು ಕತ್ತರಿಸಿದ್ದಾರೆ.