ಸ್ವೀಟ್ ಪೀ ಬೆಳೆಸುವ ಕೈಪಿಡಿ: ಕೆರೆಬಿಳಚಿ ಆವೃತ್ತಿ

ಅಭಿನಂದನೆಗಳು. ಬೆಂಗಳೂರಿಗೆ ಹೋಗಿದ್ದ ನೆಂಟರು ಪ್ರೀತಿಯಿಂದ ತಂದುಕೊಟ್ಟ ಸ್ವೀಟ್ ಪೀ ಬೀಜದ ಪೊಟ್ಟಣ ಈಗ ನಿಮ್ಮ ಕೈಯಲ್ಲಿದೆ. ಈ ಕೈಪಿಡಿ ಓದಿ ಮುಗಿಸುವ ತನಕ ಅದನ್ನು ಒಡೆಯಬೇಡಿ. ಮುಗಿಸಿದ ಮೇಲೆ ಒಡೆಯಬೇಕೆನಿಸದಿದ್ದರೆ ನಾವು ಹೊಣೆಯಲ್ಲ.

ಗಿಡದ ಪರಿಚಯ. ಇದು ಸಿಸಿಲಿ ದ್ವೀಪದ ಕಡೆಯ ಬಳ್ಳಿ. ಫ್ರಾಂಚೆಸ್ಕೊ ಕುಪಾನಿ ಎಂಬ ಸನ್ಯಾಸಿ 1699ರಲ್ಲಿ ಇದರ ಬೀಜವನ್ನು ಇಂಗ್ಲೆಂಡಿಗೆ ಕಳಿಸಿಕೊಟ್ಟರು. ಅಲ್ಲಿಯವರು ಅದನ್ನು ಮುದ್ದು ಮಾಡಿ ಬೆಳೆಸಿದರು. ಬುಡಕ್ಕೆ ತಂಪು ಬೇಕು, ತಲೆಗೆ ಬಿಸಿಲು ಬೇಕು, ಹೂ ಬಿಡಲು ಹಗಲು ಉದ್ದವಾಗುತ್ತ ಹೋಗಬೇಕು. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೆಂದರೂ ಸುಮಾರು 13 ಗಂಟೆ. ಅದು ಬರುವ ಜೂನ್ ಹೊತ್ತಿಗೆ ಮೇಲೆ ಮೋಡ, ಕೆಳಗೆ ಕೆಸರು. ಶಿವರಾತ್ರಿ ಕಳೆದು ಹಗಲು ಇನ್ನಷ್ಟು ಉದ್ದವಾದರೆ ಬಳ್ಳಿಗೆ ಹಿಗ್ಗು, ಆದರೆ ಆ ಹಿಗ್ಗನ್ನು ಅದೇ ತಿಂಗಳ ಬಿಸಿಲು ಸುಟ್ಟುಹಾಕುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನ ಕುಂಡಗಳಲ್ಲಿ ಚೆನ್ನಾಗಿ ಬರುತ್ತದೆ, ನಿಜ. ಬೆಂಗಳೂರಿನಲ್ಲಿ ಏನು ತಾನೇ ಬರುವುದಿಲ್ಲ.

ಎಚ್ಚರಿಕೆ. ಕಾಯಿ ಬಟಾಣಿಯಂತೆ ಕಂಡರೂ ಬಟಾಣಿಯಲ್ಲ, ಬೀಜ ವಿಷ. ಕಾಲಿನ ಶಕ್ತಿ ಕಸಿಯುವ ಕೇಸರಿ ಬೇಳೆ ಇದರ ದಾಯಾದಿ. ಹಾಗಾಗಿ ನೆಡುವ ಮುಂಚೆಯೇ, ಮನೆಯ ಹಿರಿಯರು ತಪ್ಪದೆ ಕೇಳುವ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳಿ: "ಇದರ ಕಾಯಿ ಏನ್ ಮಾಡ್ತೀರಿ?" ನಮಗೆ ಉತ್ತರ ಸಿಕ್ಕಿಲ್ಲ.

ಆದ್ದರಿಂದ ಇಲ್ಲಿಂದ ಮುಂದೆ ಈ ಕೈಪಿಡಿಯಲ್ಲಿ ಬಳ್ಳಿ ಎಂದಲ್ಲೆಲ್ಲ ಚಪ್ಪರದವರೆ ಎಂದೇ ಓದಿಕೊಳ್ಳತಕ್ಕದ್ದು. ಎರಡೂ ಒಂದೇ ಕುಟುಂಬ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಒಂದೇ ಗ್ರಂಥದಲ್ಲಿ ಎರಡಕ್ಕೂ ಹೆಸರಿಟ್ಟಿದ್ದಾನೆ. ಅಮೆರಿಕದಲ್ಲಿ ಇದೇ ಅವರೆಯನ್ನು ನೇರಳೆ ಹೂವಿಗಾಗಿ, ಮಿರುಗುವ ಕಾಯಿಗಾಗಿ ಬೇಲಿಗೆ ಹಬ್ಬಿಸಿ, ನಿಂತು ನೋಡುತ್ತಾರೆ. ನೋಡಲಿ.

ಜಾಗದ ಆಯ್ಕೆ. ಕೈಪಿಡಿಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದು. ಉಳಿದದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ. ಬೇಕಾದದ್ದು ಮೊಳದಗಲ ಮಣ್ಣು, ಅರ್ಧ ದಿನದ ಬಿಸಿಲು. ಸೂಳೆಕೆರೆಯ ಮಗ್ಗುಲಿನ ನಮ್ಮ ಕೆರೆಬಿಳಚಿಯಲ್ಲಿ ನೀರಿಗೆ ಬರವಿಲ್ಲ, ಮಣ್ಣಿಗೂ ಇಲ್ಲ, ಬರವಿರುವುದು ಬಿಸಿಲಿಗೆ. ಚನ್ನಗಿರಿ ಸೀಮೆಯಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು. ತೋಟ ಗದ್ದೆ ಮುಗಿಸಿ ಈಗ ಹಿತ್ತಿಲ ಬಾಗಿಲಿಗೆ ಬಂದು ನಿಂತಿದೆ. ನೀವು ಗುದ್ದಲಿ ಹಿಡಿದು ಮೂಲೆಯಲ್ಲಿ ನಿಂತರೆ ಸಾಕು, ಯಾರಾದರೂ ಒಬ್ಬರು ಬಂದು "ಇಲ್ಲಿ ನಾಲ್ಕು ಸಸಿ ಹಿಡೀತಾವಲ್ಲ" ಎನ್ನುತ್ತಾರೆ. ಅವರಿಗೆ ಎದುರು ಹೇಳುವುದು ಸುಲಭವಲ್ಲ. ಅಡಿಕೆಗೆ ಕ್ವಿಂಟಲ್ ಲೆಕ್ಕವಿದೆ, ಇವತ್ತಿನ ಧಾರಣೆ ಫೋನಿನಲ್ಲಿದೆ. ಅವರೆಗೆ ಇರುವುದು ಒಂದು ಹೊತ್ತಿನ ಪಲ್ಯದ ಲೆಕ್ಕ. ಆ ನಾಲ್ಕು ಸಸಿ ಐದಾರು ವರ್ಷಕ್ಕೆ ನೆರಳಾಗುತ್ತವೆ, ಆಮೇಲೆ ಅದೇ ಮನೆಯವರು ಸಂತೆಯಲ್ಲಿ ಅವರೆಕಾಯಿ ಕೊಳ್ಳುತ್ತಾರೆ. ಬಚ್ಚಲ ನೀರು ಹರಿಯುವ ಕಡೆ ಇಲ್ಲವೆ ತಿಪ್ಪೆಯ ಅಂಚು ಹಿಡಿಯಿರಿ. ಅಲ್ಲಿ ಅಡಿಕೆ ಹಾಕಲು ಸದ್ಯಕ್ಕೆ ಯಾರಿಗೂ ಮನಸ್ಸಾಗಿಲ್ಲ.

ಚಪ್ಪರ. ಇದೊಂದಕ್ಕೆ ಅಡಿಕೆಯ ಉಪಕಾರ ಸ್ಮರಿಸಲೇಬೇಕು: ಮುದಿ ಮರ ಸೀಳಿದ ದಬ್ಬೆಗಿಂತ ಒಳ್ಳೆಯ ಸಾಮಗ್ರಿ ಸಿಗದು. ಸ್ವೀಟ್ ಪೀ ಎಳೆ ಕುಡಿಬಳ್ಳಿ ಚಾಚಿ ಸಣ್ಣ ದಾರವನ್ನೇ ಹುಡುಕುತ್ತದೆ. ಅವರೆ ಇಡೀ ಮೈಯನ್ನೇ ಸುತ್ತಿ ಗೂಟವನ್ನು ತಬ್ಬುತ್ತದೆ. ಎತ್ತರ ಆಳುದ್ದ ಇರಲಿ. ಮೇಲೆ ಹೋದರೆ ಕಾಯಿ ಮಂಗನಿಗೆ, ಕೆಳಗಿಳಿದರೆ ಆಡಿಗೆ.

ಬಿತ್ತನೆ. ಆರಿದ್ರಾ, ಪುನರ್ವಸು ಮಳೆಗೆ ಗುಂಡಿಗೆ ಮೂರು ಬೀಜ. ಇಂಗ್ಲಿಷ್ ಪದ್ಧತಿಯಂತೆ ಸಿಪ್ಪೆಗೆ ಚಾಕು ತಾಗಿಸಬೇಕಿಲ್ಲ. ಕುಡಿ ಚಿವುಟುವ ಕೆಲಸವನ್ನು ಪಕ್ಕದ ಮನೆಯ ಕೋಳಿಗಳು ಉಚಿತವಾಗಿ ಮಾಡಿಕೊಡುತ್ತವೆ. ಆತುರಪಟ್ಟು ಬೇಸಿಗೆಯಲ್ಲೇ ಹಾಕಿದರೆ ತಿಂಗಳುಗಟ್ಟಲೆ ಎಲೆ ನೋಡುತ್ತ ಕೂರಬೇಕಾಗುತ್ತದೆ. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾದ ಮೇಲೆ, ಸ್ವೀಟ್ ಪೀಗೆ ಸರಿಯಾಗಿ ತದ್ವಿರುದ್ಧ. ಹಗಲಿನ ಹಂಗಿಲ್ಲದ ಎಚ್.ಎ.-3, ಎಚ್.ಎ.-4 ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಆದರೆ ಅವು ಹೊಲದ ಗಿಡಗಳು, ಚಪ್ಪರ ಹತ್ತುವುದಿಲ್ಲ.

ಪರಿಮಳ. ಪೊಟ್ಟಣದ ಮೇಲೆ ಸ್ವೀಟ್ ಪೀ ಪರಿಮಳದ ಹೊಗಳಿಕೆ ಸಾಕಷ್ಟಿದೆ. ಮಾಗಿಯ ಇಬ್ಬನಿಯಲ್ಲಿ ನೆನೆದ ಹೊಲದವರೆಯನ್ನು ಬಿಡಿಸಿದ ಕೈ ಮೂಸಿದವರು ಇಂಥ ಹೊಗಳಿಕೆಗೆ ಬಾಗುವುದಿಲ್ಲ. ಸೊಗಡು ಇರುವುದು ಹೂವಿನಲ್ಲಲ್ಲ, ಕಾಯಿಯ ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ. ಕೆಲವು ಕೊಬ್ಬಿನಾಮ್ಲಗಳ ಕೆಲಸ ಅದು, ಸೋಪು ಹಚ್ಚಿದರೂ ಬೇಗ ಬಿಡದು. ಚಪ್ಪರದವರೆಗೆ ಅಷ್ಟು ಸೊಗಡಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಅದರ ಎಳೆಕಾಯನ್ನು ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಮಾಡಬಹುದು, ರೊಟ್ಟಿಗೆ ಅಷ್ಟು ಸಾಕು. ಬಲಿತು ಒಣಗಿದ ಕಾಳನ್ನು ಮಾತ್ರ ಚೆನ್ನಾಗಿ ಬೇಯಿಸದೆ ಬಾಯಿಗೆ ಹಾಕಬೇಡಿ, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ.

ದೋಷ ಮತ್ತು ಪರಿಹಾರ. ಹೂಗೊಂಚಲಿಗೆ ಕರಿಹೇನು ಮುತ್ತಿದರೆ ಬೆಳಗಿನ ತೇವ ಆರುವ ಮೊದಲು ಬೂದಿ ಎರಚಿ. ಬೂದಿಗೆ ಕೊರತೆಯಾಗದು, ಬಳ್ಳಿ ಹೂ ಬಿಡುವ ಹೊತ್ತಿಗೇ ಅಡಿಕೆ ಬೇಯಿಸುವ ಹಂಡೆ ಹಗಲುರಾತ್ರಿ ಉರಿಯುತ್ತಿರುತ್ತದೆ. ಕೊರತೆ ಕೈಗಳದ್ದು. ಮನೆಮಂದಿಯೆಲ್ಲ ಸುಲಿಯುವುದರಲ್ಲಿ, ಒಣಗಿಸುವುದರಲ್ಲಿ, ಮೋಡ ಕಂಡರೆ ಮುಚ್ಚುವುದರಲ್ಲಿ ಇರುವಾಗ ಅವರೆಯ ಕಡೆ ತಿರುಗುವವರು ಶಾಲೆಯಿಂದ ಬಂದ ಮಕ್ಕಳು ಮತ್ತು ಕಾಯಿಕೊರಕ ಹುಳು, ಇಬ್ಬರೇ.

ಕೊಯ್ಲು. ಸ್ವೀಟ್ ಪೀ ಹೂವನ್ನು ಕೊಯ್ಯುತ್ತಲೇ ಇರಬೇಕು, ಬಿಟ್ಟರೆ ಬೀಜ ಕಟ್ಟಿ ಗಿಡ ಸುಮ್ಮನಾಗುತ್ತದೆ. ಅವರೆ ಸುಮ್ಮನಾಗುವ ಪೈಕಿ ಅಲ್ಲ, ಎರಡು ದಿನ ತಡೆದರೆ ಕಾಯಿ ನಾರಾಗುತ್ತದೆ ಅಷ್ಟೆ. ಹೆಚ್ಚಾದದ್ದನ್ನು ಅಕ್ಕಪಕ್ಕಕ್ಕೆ ಹಂಚಿ. ಬೇಲಿಯಾಚೆ ಇಳಿಬಿದ್ದ ಕಾಯಿ ಆಚೆಯವರದು. ಈ ವಿಷಯದಲ್ಲಿ ಸರ್ವೆಯವರನ್ನು ಕರೆಸಬಾರದು.

ಬೀಜ. ಬುಡದ ಹತ್ತಿರದ ದಪ್ಪ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೂದಿ ಬೆರೆಸಿ ಡಬ್ಬಿಯಲ್ಲಿಡಿ. ಬೀಜ ಕೇಳಿ ಬಂದವರಿಗೆ ಇಲ್ಲವೆನ್ನಬೇಡಿ, ಎಲ್ಲಿ ಹಾಕುತ್ತೀರಿ ಎಂದು ಮಾತ್ರ ಕೇಳಿ. ಬಚ್ಚಲ ಹಿಂದೆ ಎಂದರೆ ಬೊಗಸೆ ತುಂಬ ಕೊಡಿ. ಅಡಿಕೆ ಸಾಲಿನ ನಡುವೆ ಎಂದರೆ ಎರಡು ಸಾಕು.