ಬೀರೂರಲ್ಲಿ ಗಾಡಿ ಬದಲಿಸಿ

ನಾನು ನನ್ನ ಬದುಕಿನ ಕಥೆ ಬರೆಯುತ್ತಿದ್ದೇನೆಂಬ ಸುದ್ದಿ ಹೇಗೋ ದೊಡ್ಡಮ್ಮನ ಕಿವಿಗೆ ಬಿತ್ತು. ಅಜ್ಜಂಪುರದಿಂದ ಫೋನು. "ಅದ್ರಲ್ಲಿ ನನ್ನ ಸುದ್ದಿ ಎತ್ತಬೇಡ ಕಣೋ." ಆಗಲಿ ಎಂದೆ. ಎರಡು ದಿನ ಬಿಟ್ಟು ಮತ್ತೆ ಫೋನು. "ಪೂರ್ತಿ ಬಿಟ್ಟೇಬಿಟ್ಯಾ? ಹಂಗಾದ್ರೆ ನಿನ್ನ ಸಾಕಿದ್ದು ಯಾರಂತೆ?"

ಊರು, ಹೆಸರು ಮರೆಸಿ ಬರೆದರಾಯಿತು ಎಂದುಕೊಂಡೆ. ಅಜ್ಜಂಪುರ 'ಅಕ್ಕಂಪುರ'ವಾಯಿತು. ಕಡೂರು, ತರೀಕೆರೆಗಳಿಗೂ ನಾಮಕರಣ ಮುಗಿಯಿತು. ಆದರೆ ರೈಲಿಗೇನು ಮಾಡುವುದು? ಅಜ್ಜಂಪುರ, ಬೀರೂರು, ಕಡೂರು ಒಂದೇ ಹಳಿಯ ಮೇಲಿವೆ. ತರೀಕೆರೆಗಾದರೆ ಬೀರೂರಲ್ಲಿ ಇಳಿದು ಶಿವಮೊಗ್ಗದ ಗಾಡಿ ಹಿಡಿಯಬೇಕು. ಕಥಾನಾಯಕ ಜಂಕ್ಷನ್ನಿನಲ್ಲಿ ಇಳಿದನೋ, ಗುಟ್ಟು ರಟ್ಟು. ಅವನನ್ನು ಬಸ್ಸು ಹತ್ತಿಸಿದೆ; ದಾರಿಗೆ ಅಮೃತಮಹಲ್ ದನಗಳು ಅಡ್ಡ ಬಂದವು.

ಲೋಕ ಓದೀತೆಂಬ ಭಯ ನನಗಿಲ್ಲ. ಲೋಕಕ್ಕೆ ಬೇರೆ ಕೆಲಸವಿದೆ. ಭಯವೆಲ್ಲ ಈ ಮೂರೂರಿನ ಐವತ್ತು ಜನರದ್ದು.

ನಮ್ಮ ಅಜ್ಜಂಪುರ ಸೀತಾರಾಂ, ಅಂದರೆ ಕಥೆಗಾರ 'ಆನಂದ' (1902–1963), ಒಂದು ಕಥೆಗೆ 'ನಾನು ಕೊಂದ ಹುಡುಗಿ' ಎಂದೇ ಹೆಸರಿಟ್ಟರು. ಬಸವಿ ಬಿಟ್ಟ ಹುಡುಗಿಗೆ ಬುದ್ಧಿ ಹೇಳಿದವನು, ಆ ಮಾತೇ ಅವಳ ಸಾವಿಗೆ ಕಾರಣವಾಯಿತೆಂದು ಬೇಯುವ ಕಥೆ. ಕಲ್ಪನೆಯೇ ಇರಲಿ, 'ನಾನು' ಎಂಬುದರ ಪಕ್ಕ 'ಕೊಂದ' ಎಂದಿಡಲು ಗುಂಡಿಗೆ ಬೇಕು. ನಾನೋ, 'ನಾನು ಕದ್ದ ತೆಂಗಿನಕಾಯಿ'ಗೇ ಮೂರು ಪೆನ್ನು ಖಾಲಿ ಮಾಡಿದವನು.

ಕದ್ದದ್ದು ಕಡೂರಿನ ನೆಂಟರ ತೋಟದಲ್ಲಿ. ಮರ ಹತ್ತಿದ್ದು, ಗೊದ್ದ ಕಚ್ಚಿದ್ದು, ಚಡ್ಡಿ ಹರಿದದ್ದು, ಎಲ್ಲವೂ ಬರವಣಿಗೆಯಲ್ಲಿ ಸೊಗಸಾಗಿಯೇ ಬಂದಿತ್ತು. ಅಜ್ಜಂಪುರಕ್ಕೆ ಹೋದಾಗ ದೊಡ್ಡಮ್ಮನಿಗೆ ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಲ್ಲಿ ಕಣ್ಣೊರೆಸಿಕೊಂಡು, ಅಡಕೆ ಕತ್ತರಿಸುತ್ತ, "ಏಟು ತಿಂದೋನ್ನ ಬಿಟ್ಟಿದೀಯಲ್ಲೋ" ಅಂದಳು.

ಏಟು ತಿಂದವನು ತೋಟದ ಆಳಿನ ಮಗ. ನಾನು ಬಾವಿಕಟ್ಟೆಯ ಹಿಂದೆ ನಿಂತು ನೋಡಿದ್ದೆ, ಬಾಯಿ ಬಿಟ್ಟಿರಲಿಲ್ಲ. ನನ್ನ ಚಡ್ಡಿಗೆ ಎರಡು ಪುಟ ಸಂದಿದೆ. ಅವನ ಬೆನ್ನಿಗೆ ಅರ್ಧ ಸಾಲೂ ಇಲ್ಲ.

ಈಗ ತರೀಕೆರೆಯಲ್ಲಿ ಅವನದೊಂದು ಸೈಕಲ್ ಶಾಪು. ಹೋದ ತಿಂಗಳು ಬೀರೂರಲ್ಲಿ ಗಾಡಿ ಬದಲಿಸಿ ಹೋದೆ. ಟೀ ತರಿಸಿದ. ಊರಿನ ಸುದ್ದಿ, ಮಳೆಯ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಆಯಿತು. ಆಮೇಲೆ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುತ್ತ, "ಪುಸ್ತಕ ಬರೀತಿದೀಯಂತೆ, ನಾನೂ ಇದೀನಾ ಅದ್ರಾಗೆ?" ಎಂದು ಕೇಳಿದ.

ನಾನು ಆರಿಹೋಗಿದ್ದ ಟೀಯನ್ನು ಊದುತ್ತ ಕೂತೆ.