ಶಿಲಾವಾಸ ನಿರ್ಣಯ ಅಥವಾ ಬಾರ್ನಕಲ್ಲಿನ ಸೈಟು ಮೀಮಾಂಸೆ

ಮೊದಲು ನಿರುಕ್ತ. ಕಿತ್ತರೆ ಬಾರದ್ದು, ಕಲ್ಲಿಗೆ ಕಚ್ಚಿಕೊಂಡದ್ದು; ಆದ್ದರಿಂದ ಬಾರ್ನಕಲ್ಲು. ಪದ ಇಂಗ್ಲಿಷಿನದೆಂದು ಹಟ ಹಿಡಿಯುವವರು ಪ್ರಬಂಧವನ್ನು ಇಲ್ಲಿಗೇ ಮುಚ್ಚಬಹುದು.

ಇದು ಏಡಿ, ಸಿಗಡಿಗಳ ದಾಯಾದಿ. ಮರಿಯಾಗಿದ್ದಾಗ ನೀರಲ್ಲಿ ಅಲೆದು, ಕಡೆಯ ಹಂತದಲ್ಲಿ ಅನ್ನಾಹಾರ ಬಿಟ್ಟು ಸೈಟು ಹುಡುಕುತ್ತದೆ. ಒಪ್ಪಿದ ಕಲ್ಲಿಗೆ ತಲೆಯನ್ನೇ ಅಂಟಿಸಿ, ಸುತ್ತ ಸುಣ್ಣದ ಗೋಡೆ ಎಬ್ಬಿಸಿ, ಉಳಿದ ಆಯುಷ್ಯವೆಲ್ಲ ಕಾಲಿನಿಂದ ಊಟ ಬಾಚಿಕೊಳ್ಳುತ್ತದೆ. (ಮನೆಸಾಲ ತೆಗೆದವರಿಗೆ ಇದು ಅನುಭವವೇದ್ಯ.) ಈ ಜೀವಿಗೆ ಡಾರ್ವಿನ್ 1846ರಿಂದ 8 ವರ್ಷ ಕೊಟ್ಟ. ಪ್ರಸ್ತುತ ವಿದ್ವಾಂಸ ಒಂದು ಮಧ್ಯಾಹ್ನ ಕೊಟ್ಟಿದ್ದಾನೆ.

ವಿವಾದಸ್ಥಳ, ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದ ಬಂಡೆ. ಮೇಲಂತಸ್ತಿನಲ್ಲಿ ಸಣ್ಣಕಾಯದ ಥ್ಯಾಮಲಸ್, ಕೆಳಗೆ ದಪ್ಪ ಆಸಾಮಿ ಬಲಾನಸ್; ಎರಡೂ ಬಾರ್ನಕಲ್ಲುಗಳೇ. ಥ್ಯಾಮಲಸ್ಸಿಗೆ ಗಾಳಿಬೆಳಕೇ ಇಷ್ಟ, ನೀರು ಒಗ್ಗದು ಎಂಬುದು ಪೂರ್ವಪಕ್ಷ.

ಸಿದ್ಧಾಂತ ಬೇರೆ. ಜೋಸೆಫ್ ಕಾನೆಲ್ ಎಂಬ ಅಮೆರಿಕದವನು ಅಲ್ಲಿ ಕೂತು ನೋಡಿದ. ಥ್ಯಾಮಲಸ್ ಮರಿಗಳು ಕೆಳಗೂ ಧಾರಾಳವಾಗಿ ಬಂದು ಕೂರುತ್ತಿದ್ದವು, ದೊಡ್ಡವಾಗುವುದರೊಳಗೆ ನಾಪತ್ತೆ. ಆತ ಮೇಲಿನ ಕಲ್ಲುಗಳನ್ನು ಕಿತ್ತು ಕೆಳಗಿಟ್ಟ. ಕಲ್ಲಿನ ಒಂದು ಅರ್ಧದಲ್ಲಿ ಬಲಾನಸ್ ಬಂದಂತೆಲ್ಲ ತೆಗೆದುಹಾಕಿದ, ಇನ್ನೊಂದು ಅರ್ಧವನ್ನು ದೈವಕ್ಕೆ ಬಿಟ್ಟ. ತೆಗೆದ ಕಡೆ, ಹೆಚ್ಚು ಹೊತ್ತು ನೀರಿನಲ್ಲಿದ್ದರೂ, ಥ್ಯಾಮಲಸ್ ಹಾಯಾಗಿತ್ತು. ಬಿಟ್ಟ ಕಡೆ ಬಲಾನಸ್ ಬೆಳೆಬೆಳೆಯುತ್ತ ಒಂದರ ತಲೆಮೇಲೇ ಮನೆ ಕಟ್ಟಿತು, ಇನ್ನೊಂದನ್ನು ಬುಡದಿಂದ ಮೀಟಿ ಎಬ್ಬಿತು, ಮತ್ತೊಂದನ್ನು ಪಕ್ಕದಿಂದ ಹಿಂಡಿತು. 1961ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪಂಡಿತರು ಪರಿಸರವಿಜ್ಞಾನದ ಅಡಿಗಲ್ಲು ಎನ್ನುತ್ತಾರೆ. ನಮ್ಮ ಪ್ರಕಾರ ಅದು ಒತ್ತುವರಿ ಪ್ರಕರಣ. ತಡೆಯಾಜ್ಞೆ ತರುವ ಪದ್ಧತಿಯೊಂದು ಮಾತ್ರ ಸಮುದ್ರದಲ್ಲಿ ಇನ್ನೂ ಬಂದಿಲ್ಲ.

ಹಾಗಾದರೆ ಬಲಾನಸ್ ಮಹಡಿಯನ್ನೂ ಏಕೆ ನುಂಗಲಿಲ್ಲ? ಇಳಿತದ ಹೊತ್ತಿಗೆ ಮೇಲ್ಗಲ್ಲು ಗಂಟೆಗಟ್ಟಲೆ ಬಿಸಿಲಿಗೆ ಒಣಗುತ್ತದೆ. ದಪ್ಪ ಆಸಾಮಿಗೆ ಅದು ತಾಳದು. ಕೆಳಗಾದರೂ ನೆಮ್ಮದಿಯೇ ಎಂದರೆ, ಅಲ್ಲಿ ನ್ಯೂಸೆಲ್ಲಾ ಎಂಬ ಸಮುದ್ರದ ಬಸವನಹುಳು ಮನೆಮನೆಗೂ ನುಗ್ಗಿ ಯಜಮಾನನನ್ನೇ ತಿಂದು ಹೋಗುತ್ತದೆ.

ಇಷ್ಟಾದರೂ ಮರಿಗಳು ಸ್ವಜಾತಿಯ ಜಾಡು ಹಿಡಿದು ಅವುಗಳ ಮಗ್ಗುಲಲ್ಲೇ ಸೈಟು ಹಿಡಿಯುವುದೇಕೆಂಬ ಪ್ರಶ್ನೆ ಉಳಿಯಿತು. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಆದರೆ ನಡೆದುಹೋಗಿ ನೆಂಟಸ್ತನ ಬೆಳೆಸಲಾರದು. ಕೂತಲ್ಲಿಂದಲೇ ನೆರೆಮನೆಗೆ ಎಟುಕಬೇಕು. ಅದಕ್ಕೆಂದು ದೇಹದ ಹಲವು ಪಟ್ಟು ಉದ್ದದ ಅಂಗವೊಂದಿದೆ. ಗಾತ್ರದ ಲೆಕ್ಕದಲ್ಲಿ ಪ್ರಾಣಿಲೋಕದಲ್ಲೇ ಅಗ್ರಗಣ್ಯ. ಅದರ ಸಚಿತ್ರ ವಿವರಣೆಯನ್ನು ಅನುಬಂಧದಲ್ಲಿ ಕೊಟ್ಟಿತ್ತು. ಅನುಬಂಧವನ್ನು ಸಂಪಾದಕರು ಇಟ್ಟುಕೊಂಡಿದ್ದಾರೆ.